ಮೂತಿ ಭಾರ

ಶನಿವಾರ ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕಿಲೋ ಅಣ್ಣ ತಮ್ಮ ಹೊಸ ಹಾಯಿದೋಣಿಯನ್ನು ಹೊತ್ತಿದ್ದ ಟ್ರೇಲರಿನ ಮೂತಿಯನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದಿದ್ದರು. ಐವತ್ತು ದಾಟಿದ ಮನುಷ್ಯ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಓಡಾಡುವವರು. ಎತ್ತಿದ್ದಲ್ಲದೆ, ಹಾಗೇ ನಿಂತು, ಗಾಜಿನ ಕೋಣೆಯೊಳಗೆ ಕೂತಿದ್ದ ಸಹೋದ್ಯೋಗಿಯ ಕಡೆ ನೋಡಿ ಹುಬ್ಬು ಹಾರಿಸಿದರು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಚಪ್ಪಾಳೆ ತಟ್ಟಿದ.

ಆಮೇಲೆ ನಡೆದದ್ದಕ್ಕೆಲ್ಲ ಮೂಲ ಆ ಚಪ್ಪಾಳೆ ಎಂದು ಅವರೇ ಹೇಳುತ್ತಾರೆ. ಪೂರ್ತಿ ಸರಿಯಲ್ಲ. ಮೂಲ ಇನ್ನೂ ಹಿಂದಿದೆ.

ಅವರ ಕೆಲಸ ಹೆದ್ದಾರಿ ಪಕ್ಕದ ವೇಬ್ರಿಜ್‌ನಲ್ಲಿ. ನೆಲಮಟ್ಟಕ್ಕೆ ಹಾಸಿದ ದಪ್ಪ ಕಬ್ಬಿಣದ ಹಲಗೆ. ಅದರ ಮೇಲೆ ಲಾರಿ ಬಂದು ನಿಲ್ಲುತ್ತದೆ. ಕೋಣೆಯೊಳಗೆ ಕೆಂಪು ಅಂಕಿಗಳು ಒಂದೆರಡು ಕ್ಷಣ ನಡುಗಿ ತಟಸ್ಥವಾಗುತ್ತವೆ. ಅಂಕಿ ಹೊರಗಿನ ಬೋರ್ಡಿನಲ್ಲೂ ಕಾಣುತ್ತದೆ. ಆದರೂ ಕಿಲೋ ಅಣ್ಣ ಕಿಟಕಿಯಿಂದ ಬಗ್ಗಿ ಅದನ್ನು ಗಟ್ಟಿಯಾಗಿ ಕೂಗುತ್ತಾರೆ. ಬೋರ್ಡು ಇಲ್ಲದ ಕಾಲದಲ್ಲಿ ಶುರುವಾದ ಅಭ್ಯಾಸ ಅದು. ಡ್ರೈವರುಗಳು ಬೋರ್ಡನ್ನು ನೋಡುವುದಿಲ್ಲ, ಅವರ ದನಿಗೆ ಕಾಯುತ್ತಾರೆ. ಹೊಸಬರು ಯಾರಾದರೂ "ಅಣ್ಣಾ, ಹಿಂದಿನ ಚಕ್ರ ಸ್ವಲ್ಪ ಆಚೆ ತಗೊಂಡ್ರೆ ತೂಕ ಕಡಿಮೆ ಬರುತ್ತಾ?" ಎಂದು ಕೇಳಿದರೆ ಅವರ ಉತ್ತರ ಒಂದೇ.

"ನೀನು ಲಾರೀನ ತಲೆಕೆಳಗೆ ಮಾಡಿ ನಿಲ್ಲಿಸಪ್ಪ. ಅಷ್ಟೇ ಬರುತ್ತೆ."

ಹೀಗೆ ಇಡೀ ಊರಿಗೆ ಅವರು ಕಿಲೋ ಅಣ್ಣ ಆದರು. ಅವರ ಹೆಂಡತಿ ಊರಿಗೆ ಟೀಚರ್. ಶಾಲೆಯಲ್ಲಿ ಅಲ್ಲ, ಕಾರಿನಲ್ಲಿ. ಎರಡು ಜೊತೆ ಪೆಡಲ್ ಇರುವ ಬಿಳಿ ಕಾರಿನಲ್ಲಿ ಡ್ರೈವಿಂಗ್ ಕಲಿಸುತ್ತಾರೆ. ನಮ್ಮ ಬೀದಿಯಲ್ಲಿ ಸ್ಟಿಯರಿಂಗ್ ಹಿಡಿಯುವ ಹೆಂಗಸರಲ್ಲಿ ಮುಕ್ಕಾಲು ಪಾಲು ಅವರ ಶಿಷ್ಯೆಯರು. "ಕಾಲು ಮಾತಾಡಬೇಕು, ಬಾಯಿ ಅಲ್ಲ" ಎನ್ನುವುದು ಅವರ ಮೊದಲ ಪಾಠ. ಮನೆಯಲ್ಲಿ ಗಂಡನೂ ಅವರನ್ನು ಟೀಚರ್ ಎಂದೇ ಕರೆಯುತ್ತಾರೆ.

ದೋಣಿಯ ಹುಚ್ಚು ಅಣ್ಣನದು. ವರ್ಷಕ್ಕೊಂದೆರಡು ಸಲ ಅಣೆಕಟ್ಟಿನ ಹಿನ್ನೀರಿಗೆ ಹೋಗುವ ಯಾರದ್ದಾದರೂ ದೋಣಿ ಅವರ ಹಲಗೆಯ ಮೇಲೆ ನಿಂತು ಹೋಗುತ್ತಿತ್ತು. ಸಿಮೆಂಟು, ಜಲ್ಲಿ, ಗುಜರಿ ಕಬ್ಬಿಣಗಳ ನಡುವೆ ಹಾಗೊಂದು ಬಿಳಿ ವಸ್ತು ಬಂದ ದಿನ ಅವರು ಊಟದ ಡಬ್ಬಿ ತೆರೆಯುವುದನ್ನೂ ಮರೆಯುತ್ತಿದ್ದರು.

"ನಿಮಗೆ ಈಜು ಬರಲ್ವಲ್ಲ ರೀ," ಎಂದಿದ್ದರು ಟೀಚರ್.

"ದೋಣಿಗೆ ಬರುತ್ತಲ್ಲ."

ಟೀಚರ್ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ನೀರಿನ ಮೇಲೆ ನಿಮ್ಮಿಷ್ಟ, ರಸ್ತೆಯ ಮೇಲೆ ನನ್ನ ಕೈಯಲ್ಲಿ.

ದೋಣಿ ಮಾರಿದವರು ಹಲ್ಲಿನ ಡಾಕ್ಟರು. ವಯಸ್ಸಾಯಿತು, ಹಾಯಿ ಎಳೆಯಲು ತೋಳಲ್ಲಿ ಕಸುವಿಲ್ಲ ಎಂದು ಮಾರುತ್ತಿದ್ದರು. ಆ ಶನಿವಾರ ಬೆಳಗ್ಗೆ ಅವರ ಮನೆಯಂಗಳದಲ್ಲಿ ಎಲ್ಲ ತೋರಿಸಿಕೊಟ್ಟರು: ಹಾಯಿಕಂಬ ಮಲಗಿಸಿ ಕಟ್ಟುವ ಬಗೆ, ಕೊಂಡಿ ಕಳಚಿದರೂ ಟ್ರೇಲರ್ ಬಿಟ್ಟುಹೋಗದಂತೆ ಹಾಕುವ ಸರಪಳಿ, ಹಿಂದಿನ ದೀಪಗಳ ವೈರು. ಟೀಚರ್ ಕಾರಿನೊಳಗೆ ಕೂತು ಬ್ರೇಕ್ ಒತ್ತಿ, ಸಿಗ್ನಲ್ ಹಾಕಿ ದೀಪ ಪರೀಕ್ಷೆ ಮಾಡುತ್ತಿದ್ದಾಗ ಡಾಕ್ಟರು ಟ್ರೇಲರಿನ ಮುಂತುದಿಯನ್ನು ತಟ್ಟಿ, ಅಣ್ಣನಿಗೆ ಹೇಳಿದರು:

"ಇದರ ಮೂತಿ ಯಾವಾಗ್ಲೂ ಭಾರ ಇರಬೇಕು. ಮೋಟಾರು, ಲಂಗರು, ಪೆಟ್ರೋಲ್ ಕ್ಯಾನು, ಎಲ್ಲ ದೋಣಿಯ ಮುಂಭಾಗದಲ್ಲಿ. ಹಿಂದಕ್ಕೆ ಹೋಗಕೂಡದು."

"ಹೋದ್ರೆ?"

"ಬಾಲ ಅಲ್ಲಾಡಿಸುತ್ತೆ. ಮನೆಯವರು ಮೂತಿ ದಪ್ಪ ಮಾಡ್ಕೊಂಡಾಗ ಹೇಗಿರ್ತಾರೆ, ಇದೂ ಹಾಗೇ ಇರಬೇಕು. ನಗ್ತಾ ಇದ್ರೆ ಅಪಾಯ."

ಅಣ್ಣ ಜೋರಾಗಿ ನಕ್ಕರು. ಹಲ್ಲಿನ ಡಾಕ್ಟರ ನಗೆಚಾಟಿಕೆ ಎಂದುಕೊಂಡರು. ಇಬ್ಬರೂ ಸೇರಿ ಉಸಿರು ಬಿಗಿಹಿಡಿದು ಮೂತಿಯನ್ನೆತ್ತಿ ಕಾರಿನ ಹಿಂದೆ ಹೊಸದಾಗಿ ಹಾಕಿಸಿದ್ದ ಕೊಂಡಿಯ ಉಕ್ಕಿನ ಗುಂಡಿನ ಮೇಲೆ ಕೂರಿಸಿದರು. ಹಿಡಿ ತಿರುಗಿಸಿದರೆ ಮೂತಿಯನ್ನು ಎತ್ತಿಕೊಡಬೇಕಾಗಿದ್ದ ಚಿಕ್ಕ ಚಕ್ರ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ತಿರುಗುತ್ತಿರಲಿಲ್ಲ.

ಮೊದಲರ್ಧ ದಾರಿ ಸೊಗಸಾಗಿತ್ತು. "ಹಿಂದೆ ಏನೋ ಇದೆ ಅಂತಾನೇ ಗೊತ್ತಾಗಲ್ಲ ರೀ," ಎಂದರು ಟೀಚರ್. ದಾರಿಯಲ್ಲಿ ವೇಬ್ರಿಜ್ ಸಿಕ್ಕಿತು. ರಜೆಯ ದಿನವಾದರೂ ಅಣ್ಣ ನಿಲ್ಲಿಸಲು ಹೇಳಿದರು. ಇಷ್ಟು ವರ್ಷ ಕಂಡವರ ಸಾಮಾನು ತೂಗಿದವರಿಗೆ ಒಮ್ಮೆ ತಮ್ಮದನ್ನು ತೂಗಬೇಕೆನ್ನಿಸಿದ್ದು ದೊಡ್ಡ ತಪ್ಪೇನಲ್ಲ. ಟ್ರೇಲರನ್ನು ಬಿಚ್ಚಿ ಹಲಗೆಯ ಮೇಲೆ ನಿಲ್ಲಿಸಿ, ಕಾರನ್ನು ಮುಂದಕ್ಕೆ ತೆಗೆಸಿದರು. ಟೀಚರ್ ಕೈಕಾಲು ತೊಳೆದು ಬರುತ್ತೇನೆಂದು ಹಿಂದಿನ ಶೆಡ್ಡಿನ ಕಡೆಗೆ ಹೋದರು.

ಒಂಬೈನೂರ ಎಂಬತ್ತು. ಅಣ್ಣ ಹೊರಗಿನಿಂದಲೇ ಕೂಗಿದರು. ಕಾರು ಎಳೆಯಬಹುದೆಂದು ಅದರ ಪುಸ್ತಕದಲ್ಲಿ ಬರೆದಿದ್ದ ಮಿತಿಗಿಂತ ಎಷ್ಟೋ ಕೆಳಗೆ.

ತೂಗಿದ ಮೇಲೆ ಮತ್ತೆ ಕೊಂಡಿಗೆ ಹಾಕಬೇಕಲ್ಲ. ಅಣ್ಣ ಮೂತಿಗೆ ಕೈ ಹಾಕಿದರು. ಅದು ಜಗ್ಗಲಿಲ್ಲ. ಸೊಂಟ ಚಳಕ್ ಎಂದಿತು.

"ಏನಣ್ಣ, ಕ್ರೇನ್ ಕರೆಸ್ಲಾ?" ಕೋಣೆಯೊಳಗಿನಿಂದ ಸಹೋದ್ಯೋಗಿ.

"ನಿನ್ನ ಕೆಲಸ ನೋಡ್ಕೊಳ್ಳೋ."

"ನನ್ನ ಕೆಲಸ ತೂಕ ನೋಡೋದೇ ಅಲ್ವಾ. ಎತ್ತಿ, ನೋಡೋಣ."

ಬಂದು ಒಂದು ಕೈ ಕೊಡು ಎಂದಿದ್ದರೆ ಅವನು ಬರುತ್ತಿದ್ದ. ಅಣ್ಣ ಹಾಗೆನ್ನಲಿಲ್ಲ. ದೋಣಿಯೊಳಗೆ ಹತ್ತಿ ಮೋಟಾರು, ಲಂಗರು, ಪೆಟ್ರೋಲ್ ಕ್ಯಾನುಗಳನ್ನು ಒಂದೊಂದಾಗಿ ಎಳೆದು ತೀರ ಹಿಂಬದಿಗೆ ಸರಿಸಿದರು. ಹಿಂದೆ ಭಾರ ಬಿದ್ದರೆ ಮುಂದೆ ಹಗುರ, ತಕ್ಕಡಿಯ ಲೆಕ್ಕ. ಇಳಿದು ಬಂದು ಒಂದೇ ಕೈಯಲ್ಲಿ ಎತ್ತಿದರು. ಚಪ್ಪಾಳೆ ಬಿತ್ತು. ಮೂತಿ ಇಳಿಸಿ ಅವರು ಹಲಗೆಯಿಂದ ಆಚೆ ಬಂದೊಡನೆ ಸಹೋದ್ಯೋಗಿ ತಮಾಷೆಗೆಂದು ಇನ್ನೊಂದು ಚೀಟಿ ಮುದ್ರಿಸಿ ಕೊಟ್ಟ. ಆ ಗಂಟೆ, ನಿಮಿಷ ಗೊತ್ತಿರುವುದು ಹಾಗೆ. ಬೋರ್ಡಿನ ಮೇಲೆ ಅದೇ ಒಂಬೈನೂರ ಎಂಬತ್ತು.

ಅಣ್ಣ ಆ ಬೋರ್ಡನ್ನು ನೋಡಿದರು. ಡಾಕ್ಟರ ಮಾತು ನೆನಪಾಗದೆ ಇರಲಿಲ್ಲ. ಆದರೆ ಕೆಂಪು ಅಂಕಿ ಒಂದಿಷ್ಟೂ ಅಲುಗಿರಲಿಲ್ಲ. ಸಾಮಾನು ಎಲ್ಲಿದ್ದರೇನು, ತೂಕ ತೂಕವೇ. ಬದುಕಿಡೀ ಹೇಳಿಕೊಂಡು ಬಂದ ಮಾತು ಆ ಕ್ಷಣ ಅವರಿಗೇ ಸಮಾಧಾನ ಹೇಳಿತು. ಕೊಂಡಿಗೆ ಹಾಕಿದ ಮೇಲೆ ಎಲ್ಲವನ್ನೂ ಮುಂದಕ್ಕೆ ತರಬಹುದಿತ್ತು. ಅಷ್ಟರಲ್ಲಿ ಟೀಚರ್ ಬಂದರು.

"ಹೊರಡೋಣ್ವಾ? ತೂಕ ಸರಿ ಇದೆಯಾ?"

"ಒಂಬೈನೂರ ಎಂಬತ್ತು. ಬೆಣ್ಣೆ."

ಊರಿಗೆ ಇಳಿಯುವ ಮೊದಲು ಉದ್ದನೆಯ ಇಳಿಜಾರಿದೆ. ಅಲ್ಲಿ ದೊಡ್ಡ ಲಾರಿಯೊಂದು ಪಕ್ಕದಿಂದ ದಾಟಿ ಹೋಯಿತು. ಅದರ ಗಾಳಿಗೆ ಟ್ರೇಲರ್ ಮೊದಲು ಅತ್ತ ಒಂದು ಮೊಳ, ಆಮೇಲೆ ಇತ್ತ ಎರಡು ಮೊಳ ವಾಲಿತು. ಟೀಚರ್ ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದರು. ಓಲಾಟ ನಿಲ್ಲಲಿಲ್ಲ, ಪ್ರತಿ ಸಲವೂ ಹೆಚ್ಚುತ್ತ, ಕಾರಿನ ಹಿಂಭಾಗವನ್ನೇ ಹಿಡಿದು ಅಲ್ಲಾಡಿಸತೊಡಗಿತು. ಆಗ ಅವರು ಬ್ರೇಕ್ ಒತ್ತಿದರು. ಕಾರು ನಿಧಾನವಾಯಿತು, ಹಿಂದಿನದು ಆಗಲಿಲ್ಲ. ಕಾರು ರಸ್ತೆಗೆ ಅಡ್ಡಲಾಗಿ ತಿರುಗಿತು. ಟ್ರೇಲರ್ ತಡೆಗೋಡೆಗೆ ಉಜ್ಜಿಕೊಂಡು ಒಂದು ಚಕ್ರದ ಮೇಲೆ ಎದ್ದು, ಮಗುಚುವುದೋ ಬೇಡವೋ ಎಂದು ಯೋಚಿಸಿದಂತೆ ನಿಂತು, ಮತ್ತೆ ದೊಪ್ಪನೆ ಕೂತಿತು.

ಎದುರಿನಿಂದ ಏನೂ ಬರುತ್ತಿರಲಿಲ್ಲ. ಯಾರಿಗೂ ಗಾಯವಾಗಲಿಲ್ಲ. ದೋಣಿಯ ಒಂದು ಮಗ್ಗುಲು ಕಿತ್ತುಹೋಗಿತ್ತು, ಹಾಯಿಕಂಬ ಬಾಗಿತ್ತು, ಕಾರಿನ ಹಿಂಬದಿಯ ಒಂದು ಮೂಲೆ ನುಗ್ಗಾಗಿತ್ತು.

ಟೀಚರ್ ಇಳಿದು ತಡೆಗೋಡೆಗೆ ಒರಗಿ ಕೂತರು. ಬಲಗಾಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು. ಅಣ್ಣ ನೀರಿನ ಬಾಟಲಿ ತಂದುಕೊಟ್ಟು, ಟಾರ್ಪಾಲು ಸರಿಮಾಡುತ್ತೇನೆಂದು ಹಿಂದಕ್ಕೆ ಹೋದರು. ಸರಿಮಾಡಲಿಲ್ಲ. ಮೋಟಾರನ್ನು ಹೊತ್ತು ತಂದು ಕಾರಿನ ಡಿಕ್ಕಿಯಲ್ಲಿಟ್ಟರು, ಪಕ್ಕದಲ್ಲೇ ಕ್ಯಾನು, ಲಂಗರು. ಆಗ ಅವರ ಸೊಂಟ ನೋಯಲಿಲ್ಲ.

ಕೆಟ್ಟ ವಾಹನ ಎಳೆಯುವ ಲಾರಿಯವನು ಬಂದ. ಉಜ್ಜಿದ ಗುರುತುಗಳನ್ನು ನೋಡಿ, ರಸ್ತೆಯ ಮೇಲಿನ ಟೈರಿನ ಗೆರೆಗಳನ್ನು ನೋಡಿ, ಟೀಚರನ್ನು ಕೇಳಿದ: "ಓಲಾಡಿದಾಗ ಬ್ರೇಕ್ ಹಾಕಿದ್ರಾ ಮೇಡಂ?"

"ಹಾಕಿದೆ."

"ಎಲ್ಲರೂ ಅದನ್ನೇ ಮಾಡೋದು. ಸುಮ್ನೆ ಕಾಲು ತೆಗೀಬೇಕಿತ್ತು ಅಷ್ಟೇ." ಆಮೇಲೆ ಅಣ್ಣನ ಕಡೆ ತಿರುಗಿದ. "ಹಿಂದೆ ಭಾರ ಏನಾದ್ರೂ ಇಟ್ಟಿದ್ರಾ ಸಾರ್?"

ಅಣ್ಣ ಅವನ ಮುಖವನ್ನೇ ನೋಡಿ, ಕಿಟಕಿಯಿಂದ ಕೂಗುವ ಅದೇ ಸ್ಪಷ್ಟ ದನಿಯಲ್ಲಿ ಹೇಳಿದರು: "ಒಟ್ಟು ಒಂಬೈನೂರ ಎಂಬತ್ತು. ಈಗಷ್ಟೇ ತೂಗಿಸ್ಕೊಂಡು ಬಂದಿದ್ದು."

ಅವನು ತಲೆಯಾಡಿಸಿ ಮತ್ತೇನೂ ಕೇಳಲಿಲ್ಲ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಆ ಸಂಜೆ ಟೀಚರ್ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತರು. "ಇಷ್ಟು ಜನಕ್ಕೆ ಹೇಳಿಕೊಟ್ಟವಳು ನಾನು. ಗಾಬರಿಯಾದ್ರೆ ಬ್ರೇಕ್ ತುಳಿಬೇಡಿ ಅಂತ. ನನ್ನ ಕಾಲೇ ಮೋಸ ಮಾಡ್ತು ರೀ. ನಿಮ್ಮ ದೋಣಿ ಹಾಳು ಮಾಡಿದೆ."

"ಹೋಗ್ಲಿ ಬಿಡು. ಎಲ್ಲರಿಗೂ ಆಗುತ್ತೆ," ಎಂದರು ಅಣ್ಣ.

"ನೀವು ಒಂದು ಮಾತೂ ಬೈಲಿಲ್ಲ. ಥ್ಯಾಂಕ್ಸ್."

ಅಣ್ಣ ಬೇಸಿನ್ನಿನಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದರು. ತೊಳೆದಿಟ್ಟವನ್ನೂ ಇನ್ನೊಮ್ಮೆ ತೊಳೆದರು.

ಮರುವಾರದಿಂದ ಟೀಚರ್ ಪಾಠ ನಿಲ್ಲಿಸಿದರು. ಮೊದಮೊದಲು ಕಾರು ರಿಪೇರಿಯಲ್ಲಿದೆ ಎಂದರು. ರಿಪೇರಿ ಮುಗಿದು ಬಂದ ಕಾರಿಗೆ ಹೊದಿಕೆ ಹಾಕಿದರು. ಅಂಗಡಿಗೆ ಚೀಲ ಹಿಡಿದು ನಡೆದು ಹೋಗತೊಡಗಿದರು. ರಸ್ತೆ ದಾಟುವಾಗ ಚಿಕ್ಕ ಮಕ್ಕಳಂತೆ ಎರಡೂ ಕಡೆ ಮತ್ತೆ ಮತ್ತೆ ನೋಡುತ್ತಿದ್ದರು. ಬೀದಿ ಕೊನೆಯ ಹೊಲಿಗೆಯಾಕೆಗೆ ಲೈಸೆನ್ಸ್ ಪರೀಕ್ಷೆ ಹತ್ತಿರ ಬಂದಿತ್ತು. ಅವಳು ಬಾಗಿಲಿಗೇ ಬಂದು ಕೂತಳು.

"ಟೀಚರ್, ರಿವರ್ಸ್ ಒಂದು ಬಾಕಿ ಇದೆ. ಗೋಡೆಗೆ ಗುದ್ದಿದ್ರೆ ನನ್ನದೇ ತಲೆ, ಬನ್ನಿ."

"ಬೇರೆಯವರ ಹತ್ರ ಹೋಗಮ್ಮ. ನನ್ನ ಕಾಲು ಯಾವಾಗ ಎಲ್ಲಿಗೆ ಹೋಗುತ್ತೋ ನನಗೇ ನಂಬಿಕೆ ಇಲ್ಲ. ಪಕ್ಕದಲ್ಲಿ ನಿನ್ನ ಜೀವ ಇಟ್ಕೊಂಡು ಹೇಗೆ ಕಲಿಸ್ಲಿ?"

ಕೋಣೆಯೊಳಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಅಣ್ಣನಿಗೆ ಇದೆಲ್ಲ ಕೇಳಿಸಿತು. ಅವರು ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡೇ ಕೆಲಸಕ್ಕೆ ಹೋದರು.

ಹೇಳಿಬಿಡಬೇಕೆಂದು ಅವರು ಎಷ್ಟೋ ಸಲ ಬಾಯಿ ತೆರೆದದ್ದುಂಟು. ಪ್ರತಿ ಸಲವೂ ಇನ್ನೊಂದು ಲೆಕ್ಕ ಅಡ್ಡ ಬರುತ್ತಿತ್ತು: ನನ್ನಿಂದಲೇ ಆಯಿತು ಎನ್ನಲು ಏನು ಆಧಾರ? ಗಾಳಿಯಿತ್ತು, ಇಳಿಜಾರಿತ್ತು, ಅವಳು ಬ್ರೇಕ್ ಒತ್ತಿದ್ದೂ ನಿಜ. ಆಧಾರವಿಲ್ಲದೆ ಮಾತಾಡುವ ಅಭ್ಯಾಸ ಅವರಿಗಿಲ್ಲ. ಹಾಗೆಂದು ಆಧಾರ ಹುಡುಕಲೂ ಹೋಗಲಿಲ್ಲ. ಹಿತ್ತಲಲ್ಲಿ ದೋಣಿ ಟಾರ್ಪಾಲಿನ ಕೆಳಗೆ ನಿಂತಿತ್ತು. ಅವರು ಆ ಕಡೆಯ ಕಿಟಕಿಯ ಪರದೆ ಎಳೆದಿದ್ದರು.

ಒಂದು ಸಂಜೆ ಟೀಚರ್ ತಟ್ಟೆ ಮುಂದಿಡುತ್ತ ಹೇಳಿದರು. "ಕಾರು ಕೊಟ್ಟುಬಿಡೋಣ ಅಂತಿದ್ದೀನಿ. ನಾಳಿದ್ದು ಬಂದು ನೋಡ್ತಾರಂತೆ."

ಮರುದಿನ ಟೀಚರ್ ಅಕ್ಕನ ಮನೆಗೆ ಹೋಗಿದ್ದಾಗ ಅಣ್ಣ ಬಚ್ಚಲಿನ ಪಕ್ಕದಲ್ಲಿದ್ದ, ಮೈತೂಕ ನೋಡುವ ಯಂತ್ರವನ್ನು ಹಿತ್ತಲಿಗೆ ತಂದರು. ಅದರ ಮೇಲೊಂದು ಮರದ ತುಂಡು ನಿಲ್ಲಿಸಿ, ಟ್ರೇಲರಿನ ಮೂತಿಯನ್ನು ಅದರ ಮೇಲೆ ಇಳಿಸಿದರು. ಮೊದಲು ಸಾಮಾನು ಮುಂದಿಟ್ಟು ನೋಡಿದರು. ಆಮೇಲೆ ಹಿಂದಿಟ್ಟು ನೋಡಿದರು. ಎರಡನೆಯ ಅಂಕಿಯನ್ನು ನೋಡಿದ ಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಸಾವಿರಾರು ಲಾರಿಗಳನ್ನು ತೂಗಿದವರು ಭಾರ ಎಲ್ಲಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಟೀಚರ್ ಬಂದದ್ದು ನಾಲ್ಕು ಗಂಟೆಯ ಹೊತ್ತಿಗೆ. ಬಂದವರೇ ಕಾರಿನ ಹೊದಿಕೆ ತೆಗೆದು, ಕೊಳ್ಳುವವರಿಗೆ ಚೆನ್ನಾಗಿ ಕಾಣಲೆಂದು ಬಕೆಟ್ಟಿನಲ್ಲಿ ನೀರು ತಂದರು.

"ಒಂದು ನಿಮಿಷ ಹಿತ್ತಲಿಗೆ ಬಾ," ಎಂದರು ಅಣ್ಣ.

"ಯಾಕೆ, ನನ್ನನ್ನೂ ತೂಗ್ತೀರಾ?"

ಅಣ್ಣ ಮುಂದೆ ನಡೆದರು. ಮೂತಿ ಮರದ ತುಂಡಿನ ಮೇಲೆ ಕೂತಿತ್ತು, ಸಾಮಾನೆಲ್ಲ ಮುಂದಿತ್ತು. "ಓದು," ಎಂದರು. ಟೀಚರ್ ಬಗ್ಗಿ ಓದಿದರು: ಎಪ್ಪತ್ತೆರಡು. ಅಣ್ಣ ದೋಣಿಯೊಳಗೆ ಹತ್ತಿ ಮೋಟಾರನ್ನು ಹಿಂದಕ್ಕೆ ಎಳೆದರು. ಲಂಗರು ಎಳೆದರು. ಕ್ಯಾನು ಎಳೆದರು. ಇಳಿದು ಬಂದರು. "ಈಗ ಓದು."

"ಹತ್ತೊಂಬತ್ತು."

ಅಣ್ಣ ಮೂತಿಯನ್ನು ಒಂದೇ ಕೈಯಲ್ಲಿ ಎತ್ತಿದರು. ಈ ಸಲ ಹುಬ್ಬು ಹಾರಿಸಲಿಲ್ಲ. "ಅವತ್ತು ವೇಬ್ರಿಜ್‌ನಿಂದ ಹೊರಟಾಗ ಹೀಗಿತ್ತು. ಇದು ಹಗುರಾದ್ರೆ ಬಾಲ ಅಲ್ಲಾಡಿಸುತ್ತೆ ಅಂತ ಡಾಕ್ಟರು ಹೇಳಿದ್ರು. ನೀನು ದೀಪ ನೋಡ್ತಿದ್ದೆ. ನನಗೆ ಹೇಳಿದ್ರು."

ಟೀಚರ್ ಯಂತ್ರದಿಂದ ಕಣ್ಣೆತ್ತಿದರು.

"ಮೋಟಾರು ಡಿಕ್ಕಿಯಲ್ಲಿತ್ತು. ಲಾರಿಯವನು ಬಂದಾಗ ನಾನೇ ನೋಡಿದೆ."

"ನಾನೇ ತಂದು ಹಾಕಿದ್ದು. ನೀನು ನೀರು ಕುಡೀತಿದ್ದಾಗ."

"ಅವನು ನಿಮ್ಮನ್ನ ಕೇಳಿದ. ಹಿಂದೆ ಭಾರ ಇತ್ತಾ ಅಂತ."

"ಹೂಂ."

"ಏನಂದ್ರಿ?"

"ಗೊತ್ತಲ್ಲ ನಿನಗೆ."

"ಇನ್ನೊಂದ್ಸಲ ಹೇಳಿ."

ಅಣ್ಣ ಹೇಳಿದರು. ಆ ದನಿ ಹಿತ್ತಲ ಬೇಲಿಯನ್ನೂ ದಾಟಲಿಲ್ಲ.

"ಅವನು ಕೇಳಿದ್ದು ಅದಲ್ಲ," ಎಂದರು ಟೀಚರ್.

"ಅಲ್ಲ."

"ನೀವು ನನ್ನನ್ನ ಕ್ಷಮಿಸಿದ್ರಿ. ನೆನಪಿದೆಯಾ? ಅಡುಗೆಮನೆಯಲ್ಲಿ. ಎಲ್ಲರಿಗೂ ಆಗುತ್ತೆ ಅಂದ್ರಿ. ನಾನು ಥ್ಯಾಂಕ್ಸ್ ಹೇಳಿದೆ." ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ಆ ಥ್ಯಾಂಕ್ಸ್ ವಾಪಸ್ ಕೊಡಿ."

ಆಮೇಲೆ ಒಳಗೆ ಹೋದರು. ಕಾರು ನೋಡಲು ಬಂದವರನ್ನು ಮರುದಿನ ಗೇಟಿನಿಂದಲೇ ಕಳಿಸಿಬಿಟ್ಟರು. ಗಂಡನ ಜೊತೆ ಬೇಕಾದಷ್ಟೇ ಮಾತು: ಗ್ಯಾಸ್ ಮುಗೀತು, ನಿಮ್ಮ ಫೋನು, ಬಾಗಿಲು ಹಾಕಿ. ಡಾಕ್ಟರು ಹೇಳಿದ್ದ ದಪ್ಪ ಮೂತಿಯ ಅರ್ಥ ಅಣ್ಣನಿಗೆ ಆ ದಿನಗಳಲ್ಲಿ ಸಂಪೂರ್ಣವಾಗಿ ಆಯಿತು. ನಗಿಸಲು ಅವರು ಪ್ರಯತ್ನಿಸಲಿಲ್ಲ. ಅಷ್ಟು ಭಾರ ಇರಲೇಬೇಕು ಎಂದುಕೊಂಡರು.

ಟೀಚರ್ ಒಂದು ಬೆಳಗ್ಗೆ ಒಬ್ಬರೇ ಕಾರು ತೆಗೆದುಕೊಂಡು ಹೋದರು. ಎಲ್ಲಿಗೆಂದು ಹೇಳಲಿಲ್ಲ. ಅಣ್ಣ ಅವತ್ತು ಕೆಲಸಕ್ಕೆ ತಡವಾಗಿ ಹೋದರು. ಗೇಟಿನ ಹತ್ತಿರ ನಿಂತೇ ಇದ್ದರು. ಹಿಂದಿರುಗಿ ಬಂದ ಕಾರಿನ ಪಕ್ಕದ ಸೀಟಿನಲ್ಲಿ ಟೀಚರ್ ಕೂತಿದ್ದರು. ಸ್ಟಿಯರಿಂಗ್ ಹಿಡಿದಿದ್ದವಳು ಹೊಲಿಗೆಯಾಕೆ. ಅವಳು ರಿವರ್ಸಿನಲ್ಲಿ ಗೇಟಿನೊಳಗೆ ಬರಲು ಹೋಗಿ ಹೂಕುಂಡವೊಂದನ್ನು ಒಡೆದಳು.

"ಬ್ರೇಕ್ ಒತ್ತಲೇ ಇಲ್ವಲ್ಲೇ," ಎಂದರು ಟೀಚರ್.

"ನೀವೇ ಹೇಳಿದ್ರಿ ಟೀಚರ್, ಗಾಬರಿಯಾದ್ರೆ ಒತ್ತಬೇಡ ಅಂತ."

"ಹೂಕುಂಡಕ್ಕೆ ಒತ್ತಬಹುದು."

ಅಣ್ಣ ಚೂರುಗಳನ್ನು ಆಯ್ದರು. ಇಷ್ಟು ದಿನದಲ್ಲಿ ಮೊದಲ ಸಲ ಅವರ ಕಣ್ಣು ತುಂಬಿ ಬಂತು. ಮಣ್ಣು ಹಾರಿತು ಎಂದರು.

ದೋಣಿ ರಿಪೇರಿಯಾಗಲು ಮಳೆಗಾಲ ಮುಗಿಯಬೇಕಾಯಿತು. ಮೊದಲ ಸಲ ಹಿನ್ನೀರಿಗೆ ಒಯ್ಯುವ ದಿನ ಟೀಚರೇ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿದರು. ಮೂತಿಯ ಕೆಳಗೆ ತೂಕದ ಯಂತ್ರ ಇಟ್ಟವರೂ ಅವರೇ. ಅಭ್ಯಾಸಬಲದಿಂದ ಅಣ್ಣ ಅಂಕಿ ಕೂಗಲು ಬಾಯಿ ತೆರೆದರು. ಟೀಚರ್ ಕೈಯೆತ್ತಿ ತಡೆದು, ಮೊಣಕಾಲೂರಿ ಬಗ್ಗಿ ತಾವೇ ಓದಿಕೊಂಡರು. ಓದಿದ್ದನ್ನು ಗಟ್ಟಿಯಾಗಿ ಹೇಳಲೂ ಇಲ್ಲ. ದಾರಿಯುದ್ದಕ್ಕೂ ಕಾರು ಅಲುಗಲಿಲ್ಲ.

ವೇಬ್ರಿಜ್‌ನಲ್ಲಿ ಈಗ ಅಣ್ಣನನ್ನು ಕಂಡರೆ ಡ್ರೈವರುಗಳಿಗೆ ತಮಾಷೆ. ಅಂಕಿ ಕೂಗಿದ ಮೇಲೆ ಅವರು ಕೋಣೆಯಿಂದ ಇಳಿದು ಬಂದು ಲಾರಿಯ ಸುತ್ತ ಒಂದು ಸುತ್ತು ಹಾಕುತ್ತಾರೆ. "ಭಾರ ಎಲ್ಲಿ ಇಟ್ಟಿದ್ದೀಯಪ್ಪ?" ಎಂದು ಕೇಳುತ್ತಾರೆ. "ತಲೆಕೆಳಗೆ ನಿಲ್ಲಿಸಿದ್ರೂ ಅಷ್ಟೇ ಬರುತ್ತೆ ಅಂತಿದ್ರಲ್ಲ ಅಣ್ಣ?" ಎಂದರೆ ಬಗ್ಗಿ ಹಿಂದಿನ ಚಕ್ರ ನೋಡುತ್ತಾರೆ.

ಮನೆಯಲ್ಲಿ, ಲಾರಿಯವನಿಗೆ ಅಣ್ಣ ಹೇಳಿದ ಆ ಅಂಕಿ ಒಂದು ಮಾತಾಗಿ ಉಳಿದಿದೆ. ಟೀಚರ್ ಅದನ್ನು ನಗುತ್ತಲೇ ಬಳಸುತ್ತಾರೆ, ಅಣ್ಣ ಮಾತ್ರ ಇನ್ನೂ ನಗಲು ಕಲಿತಿಲ್ಲ. ಮೊನ್ನೆ ಮೂಳೆ ಡಾಕ್ಟರ ಹತ್ತಿರ ಸೊಂಟ ತೋರಿಸಿಕೊಂಡು ಬಂದವರನ್ನು ಟೀಚರ್ ಬಾಗಿಲಲ್ಲೇ ಕೇಳಿದರು.

"ಏನಂದ್ರು?"

"ಏನಿಲ್ಲ, ಮಾತ್ರೆ ಕೊಟ್ಟಿದ್ದಾರೆ."

ಟೀಚರ್ ಅವರ ಕೈಯಿಂದ ಚೀಲ ಇಸಿದುಕೊಂಡು, ಮುಖ ನೋಡಿ, ಮೆತ್ತಗೆ ಕೇಳಿದರು:

"ಅಷ್ಟೇನಾ? ಇಲ್ಲಾ, ಒಂಬೈನೂರ ಎಂಬತ್ತಾ?"